ಕಾಫಿ ಹೊಟ್ಟಿನಿಂದ ವಿಮಾನದ ಇಂಧನ: ಹಾಸನ, ಚಿಕ್ಕಮಗಳೂರಿನವರಿಗೆ ಹಂತ ಹಂತದ ಮಾರ್ಗದರ್ಶಿ

ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಒಣ ಕಾಫಿಯ ಹೊಟ್ಟು ತೆಗೆದು ಬೇಳೆ ಹಸನು ಮಾಡುವ ಕಾರ್ಖಾನೆಗಳು) ಹೊಟ್ಟಿನ ರಾಶಿ ಬೀಳುತ್ತದೆ. ಕೊಪ್ಪ, ತರೀಕೆರೆ ಕಡೆ ಅಡಿಕೆ ಸುಲಿದ ಸಿಪ್ಪೆ ರಸ್ತೆ ಬದಿಗೆ ಬರುತ್ತದೆ. ಅರಸೀಕೆರೆ, ಕಡೂರು ಕಡೆ ತೆಂಗಿನ ಸಿಪ್ಪೆ. ಇದರಲ್ಲಿ ಸ್ವಲ್ಪ ಬಾಯ್ಲರ್‌ಗೆ ಹೋಗುತ್ತದೆ, ಸ್ವಲ್ಪ ಗೊಬ್ಬರವಾಗುತ್ತದೆ, ಉಳಿದದ್ದಕ್ಕೆ ಸುಮ್ನೆ ಬೆಂಕಿ ಹಚ್ಚುತ್ತಾರೆ. ಇದೇ ಕಸದಿಂದ ವಿಮಾನದ ಇಂಧನ ಮಾಡಬಹುದು. ತೋಟದಿಂದ ಹಿಡಿದು ವಿಮಾನದ ಟ್ಯಾಂಕ್‌ವರೆಗೆ ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಒಂದೊಂದೇ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲ ಐದು ಹಂತ ನಮ್ಮ ಕೈಯಲ್ಲಿವೆ. ಬೆಳೆಗಾರರ ಸಂಘ, ರೈತ ಉತ್ಪಾದಕ ಸಂಸ್ಥೆ ಅಥವಾ ಕ್ಯೂರಿಂಗ್ ವರ್ಕ್ಸ್ ನಡೆಸುವವರು ಅವನ್ನು ಮಾಡಬಹುದು. ಆಮೇಲಿನದು ದೊಡ್ಡ ಕಾರ್ಖಾನೆಯ ಕೆಲಸ. ಆದರೂ ಅಲ್ಲಿ ಒಳಗೆ ಏನಾಗುತ್ತದೆ ಎಂದು ನಮಗೆ ಗೊತ್ತಿರಬೇಕು. ತೇವ ಎಷ್ಟಿದೆ, ಬೂದಿ ಎಷ್ಟಿದೆ, ಮಣ್ಣು ಸೇರಿದೆಯಾ ಎಂದು ಕೊಳ್ಳುವವರು ಯಾಕಿಷ್ಟು ಕೇಳುತ್ತಾರೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಆ ಉತ್ತರ ಗೊತ್ತಿದ್ದವರು ಬೆಲೆಯನ್ನೂ ಗಟ್ಟಿಯಾಗಿ ಕೇಳಬಹುದು.

ಒಂದು ಎಚ್ಚರಿಕೆಯನ್ನು ಈಗಲೇ ಹೇಳಿಬಿಡುತ್ತೇನೆ. ಆರನೇ ಹಂತದಿಂದ ಆಚೆಗಿನ ಯಾವುದನ್ನೂ ಮನೆಯಲ್ಲಾಗಲಿ ತೋಟದ ಶೆಡ್‌ನಲ್ಲಾಗಲಿ ಪ್ರಯತ್ನಿಸಬೇಡಿ. ಅಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಜಾಗದಲ್ಲಿ ಅದು ನಿಮಿಷಗಳಲ್ಲಿ ಜೀವ ತೆಗೆಯುತ್ತದೆ. ಜೊತೆಗೆ ಬಿಸಿ ಹೈಡ್ರೋಜನ್ ಇರುತ್ತದೆ, ಅದೂ ಭಾರೀ ಒತ್ತಡದಲ್ಲಿ.

ಈಗಲೇ ಯಾಕೆ?

ಭಾರತದಿಂದ ಹೊರದೇಶಕ್ಕೆ ಹಾರುವ ವಿಮಾನಗಳ ಇಂಧನದಲ್ಲಿ 2027ಕ್ಕೆ ಶೇ. 1, 2028ಕ್ಕೆ ಶೇ. 2, 2030ಕ್ಕೆ ಶೇ. 5ರಷ್ಟು ಇಂಥ ಇಂಧನ ಬೆರೆಸಬೇಕು ಎಂಬ ಗುರಿಯನ್ನು ಕೇಂದ್ರ ಸರ್ಕಾರ ಇಟ್ಟುಕೊಂಡಿದೆ. ಸುಸ್ಥಿರ ವಿಮಾನ ಇಂಧನ ಎನ್ನುವುದು ಇದನ್ನೇ. ಚಿಕ್ಕದಾಗಿ ಎಸ್‌ಎಎಫ್ ಎನ್ನುತ್ತಾರೆ. ಹಾರಿ ತೋರಿಸಿದ್ದೂ ಆಗಿದೆ. 2018ರ ಆಗಸ್ಟ್ 27ರಂದು ಡೆಹ್ರಾಡೂನ್‌ನಿಂದ ದೆಹಲಿಗೆ ಸ್ಪೈಸ್‌ಜೆಟ್ ವಿಮಾನವೊಂದು ಜಟ್ರೋಫಾ ಎಣ್ಣೆಯಿಂದ ಮಾಡಿದ ಇಂಧನ ಬೆರೆಸಿಕೊಂಡು ಹಾರಿತು. ಆ ಇಂಧನ ಮಾಡಿದ್ದು ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ. 2023ರ ಮೇ ತಿಂಗಳಲ್ಲಿ ಪುಣೆಯಿಂದ ದೆಹಲಿಗೆ ಇನ್ನೊಂದು ವಿಮಾನ ಹೀಗೇ ಹಾರಿತು.

ಹಾಸನದವರಿಗೆ ಜೈವಿಕ ಇಂಧನ ಹೊಸ ವಿಷಯ ಏನಲ್ಲ. ಮಡೆನೂರಿನ ಜೈವಿಕ ಇಂಧನ ಪಾರ್ಕ್‌ನಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಬೀಜಗಳಿಂದ ಎಣ್ಣೆ ತೆಗೆದು ಬಯೋಡೀಸೆಲ್ ಮಾಡಿದ್ದನ್ನು ಎಷ್ಟೋ ಜನ ಕಣ್ಣಾರೆ ನೋಡಿದ್ದಾರೆ. ಆದ್ದರಿಂದಲೇ ಒಂದು ಗೊಂದಲವನ್ನು ಮೊದಲೇ ಬಿಡಿಸಬೇಕು. ಬಯೋಡೀಸೆಲ್ ಅನ್ನು ವಿಮಾನಕ್ಕೆ ಹಾಕುವಂತಿಲ್ಲ. ಅದರ ಅಣುವಿನಲ್ಲಿ ಆಮ್ಲಜನಕ ಉಳಿದಿರುತ್ತದೆ. ಮಲೆನಾಡಿನ ಚಳಿಗೇ ಹೊಂಗೆ ಬಯೋಡೀಸೆಲ್ ಮಂದವಾಗಲು ಶುರುವಾಗುತ್ತದೆ. ವಿಮಾನದ ಇಂಧನ ಮೈನಸ್ 47 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟಬಾರದು. ಜೆಟ್ ಇಂಧನದಲ್ಲಿ ಬಯೋಡೀಸೆಲ್ ಒಂದು ಕಿಲೋಗೆ 50 ಮಿಲಿಗ್ರಾಂ ಮೀರಿದರೆ ಅದನ್ನು ಕಲಬೆರಕೆ ಎಂದೇ ಲೆಕ್ಕ ಹಾಕುತ್ತಾರೆ. ನಮಗೆ ಬೇಕಿರುವುದು ಸೀಮೆಎಣ್ಣೆಯ ಜಾತಿಯ ಶುದ್ಧ ಹೈಡ್ರೋಕಾರ್ಬನ್. ಅಂದರೆ ಕಾರ್ಬನ್ ಮತ್ತು ಹೈಡ್ರೋಜನ್ ಎರಡೇ. ಸಸ್ಯದ ಕಸದಲ್ಲಿ ಅವೆರಡರ ಜೊತೆ ಆಮ್ಲಜನಕ ಬೇಕಾದಷ್ಟಿದೆ. ಮುಂದಿನ ಹಂತಗಳ ಶ್ರಮವೆಲ್ಲ ಆ ಆಮ್ಲಜನಕವನ್ನು ಹೊರಹಾಕುವುದಕ್ಕೇ.

ಹಂತ 1: ಯಾವ ಕಸ ಕೊಡಬೇಕು, ಯಾವುದನ್ನು ಕೊಡಬಾರದು

ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ನನ್ನ ಪ್ರಕಾರ ನಮ್ಮ ಎರಡು ಜಿಲ್ಲೆಗಳಲ್ಲಿ ಮೊದಲ ಸ್ಥಾನ ಚೆರಿ ಹೊಟ್ಟಿಗೆ. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿ, ಹಲ್ಲರ್‌ಗೆ (ಹೊಟ್ಟು ಬಿಡಿಸುವ ಯಂತ್ರ) ಹಾಕಿದಾಗ ಬರುವ ಹೊಟ್ಟು ಇದು. ಔಟ್‌ಟರ್ನ್ ಲೆಕ್ಕ ನಿಮಗೆ ಗೊತ್ತೇ ಇದೆ. 50 ಕಿಲೋ ಚೆರಿ ಮೂಟೆಯಲ್ಲಿ 26ರಿಂದ 28 ಕಿಲೋ ಬೇಳೆ ಬಂದರೆ, ಉಳಿದ 22ರಿಂದ 24 ಕಿಲೋ ಬಹುಪಾಲು ಹೊಟ್ಟೇ. ಅದು ಆಗಲೇ ಒಣಗಿರುತ್ತದೆ, ಒಂದೇ ಜಾಗದಲ್ಲಿ ಬಿದ್ದಿರುತ್ತದೆ, ಮಣ್ಣು ಕಡಿಮೆ. ಕೂಡಿಸುವ ಖರ್ಚೇ ಇಲ್ಲ. ಪಾರ್ಚ್‌ಮೆಂಟ್ (ಹಸಿ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ) ಹೊಟ್ಟು ಇನ್ನೂ ಚೆನ್ನಾಗಿರುತ್ತದೆ. ಆದರೆ ಪ್ರಮಾಣ ಕಡಿಮೆ. 50 ಕಿಲೋ ಪಾರ್ಚ್‌ಮೆಂಟ್‌ಗೆ 10 ಕಿಲೋ ಆಸುಪಾಸು.

ಎರಡನೆಯದು ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಬೀಳುವ ಸಿಲ್ವರ್ ಓಕ್ ಕೊಂಬೆಗಳು. ಕಟ್ಟಿಗೆಯಲ್ಲಿ ಬೂದಿ ಬಹಳ ಕಡಿಮೆ. ಕಾರ್ಖಾನೆಗೆ ಅಂಥದ್ದೇ ಇಷ್ಟ. ಆದರೆ ಎಲೆ ಮತ್ತು ಸಣ್ಣ ರೆಂಬೆಗಳನ್ನು ತೋಟದಲ್ಲೇ ಬಿಡಿ. ಮಳೆಗಾಲದಲ್ಲಿ ಇಳಿಜಾರಿನ ಮಣ್ಣನ್ನು ಹಿಡಿಯುವುದು ಆ ತರಗೇ. ನೆರಳಿನ ಮರದ ಎಲೆಯನ್ನೂ ಗುಡಿಸಿ ಮಾರುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ತಡೆಯಿರಿ. ಮರದ ಸಾಗಣೆಗೆ ಅನುಮತಿ ಬೇಕೇ ಎಂಬುದನ್ನು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಕಾಡಂಚಿನ ಲಂಟಾನವೂ ಒಳ್ಳೆ ಕಚ್ಚಾವಸ್ತು. ಆದರೆ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಅಡಿಕೆ ಸಿಪ್ಪೆ ಮೂರನೆಯದು. ಪ್ರಮಾಣ ಬಹಳ ಇದೆ, ಬೇರೆ ಬಳಕೆ ಕಡಿಮೆ ಇದೆ. ತೊಂದರೆ ಅಂದರೆ ನೀರು. ಹಸಿ ಅಡಿಕೆ ಸುಲಿದಾಗ ಬರುವ ಸಿಪ್ಪೆ ಒದ್ದೆ, ನಾರು ನಾರು. ಒಣಗಿಸುವ ಜಾಗ ಇದ್ದವರಿಗೆ ಮಾತ್ರ ಇದು ಲಾಭ.

ಇನ್ನು ಕೊಡಬಾರದ್ದು. ರಾಗಿ ಹುಲ್ಲು, ಭತ್ತದ ಹುಲ್ಲು ದನದ ಮೇವು. ಹಾಲಿನಿಂದ ಮನೆ ನಡೆಯುವ ಹಾಸನದಲ್ಲಿ ಮೇವನ್ನು ವಿಮಾನಕ್ಕೆ ಕೊಡುವುದು ತಪ್ಪು ಎಂದೇ ನಾನು ಹೇಳುತ್ತೇನೆ. ಪಂಜಾಬ್, ಹರಿಯಾಣದಲ್ಲಿ ಗದ್ದೆಯಲ್ಲೇ ಹುಲ್ಲು ಸುಡುತ್ತಾರೆ, ಅಲ್ಲಿನ ಲೆಕ್ಕ ಬೇರೆ. ತೆಂಗಿನ ಕರಟಕ್ಕೆ ಆಗಲೇ ಇದ್ದಿಲು ಮಾಡುವವರು ಒಳ್ಳೆ ದುಡ್ಡು ಕೊಡುತ್ತಾರೆ, ಅದನ್ನು ಮುಟ್ಟಬೇಡಿ. ಚನ್ನರಾಯಪಟ್ಟಣ ಕಡೆಯ ಕಬ್ಬಿನ ತರಗು ಹೊಲದ ಹೊದಿಕೆಯಾಗಿ ಉಳಿದರೇ ಚೆಂದ.

ಪಲ್ಪರ್‌ನಿಂದ (ಹಸಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಬರುವ ಹಸಿ ಸಿಪ್ಪೆಯ ಬಗ್ಗೆ ತುಂಬ ಜನ ಕೇಳುತ್ತಾರೆ. ಅದರ ಲೆಕ್ಕ ಮಾಡಿ ನೋಡೋಣ. ಒಂದು ಟನ್ ಹಸಿ ಸಿಪ್ಪೆಯಲ್ಲಿ ಶೇ. 80ರಷ್ಟು ನೀರಿದ್ದರೆ, ಒಣ ಪದಾರ್ಥ 200 ಕಿಲೋ ಮಾತ್ರ. ತೇವವನ್ನು ಶೇ. 15ಕ್ಕೆ ಇಳಿಸಲು ಸುಮಾರು 765 ಕಿಲೋ ನೀರನ್ನು ಆವಿ ಮಾಡಬೇಕು. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು 2.6 ಮೆಗಾಜೂಲ್ ಶಾಖ ಬೇಕು. ಒಟ್ಟು ಸುಮಾರು 2,000 ಮೆಗಾಜೂಲ್. ಆ 200 ಕಿಲೋ ಒಣ ಸಿಪ್ಪೆಯನ್ನೇ ಪೂರ್ತಿ ಉರಿಸಿದರೂ ಸಿಗುವುದು 3,400 ಮೆಗಾಜೂಲ್ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಶಕ್ತಿ ಒಣಗಿಸುವುದಕ್ಕೇ ಹೋಯಿತು! ಹಾಗಾಗಿ ಪಲ್ಪರ್ ಸಿಪ್ಪೆ ಗೊಬ್ಬರದ ಗುಂಡಿಗೆ ಅಥವಾ ಬಯೋಗ್ಯಾಸ್‌ಗೆ ಹೋಗಲಿ. ಅದರ ಜಾಗ ಅದೇ.

ಹಂತ 2: ತೇವ, ಬೂದಿ ಅಳೆಯುವುದು

ಕೊಡುವವರ ಕೈಯಲ್ಲೂ ತಮ್ಮದೇ ಅಳತೆ ಇರಬೇಕು. ತೇವ ನೋಡುವುದು ಸುಲಭ. ರಾಶಿಯ ಮೇಲೆ, ಮಧ್ಯ, ಅಡಿಯಲ್ಲಿ, ಹೀಗೆ ಐದಾರು ಕಡೆಯಿಂದ ಮುಷ್ಟಿ ಮುಷ್ಟಿ ತೆಗೆದು ಚೆನ್ನಾಗಿ ಬೆರೆಸಿ. 100 ಗ್ರಾಂ ತೂಗಿ, 105 ಡಿಗ್ರಿ ಶಾಖದ ಓವನ್‌ನಲ್ಲಿ ಇಡೀ ರಾತ್ರಿ ಇಡಿ. ಬೆಳಗ್ಗೆ ತೂಗಿದಾಗ 88 ಗ್ರಾಂ ಬಂದರೆ ತೇವ ಶೇ. 12. ತೂಕ ಇನ್ನೂ ಇಳಿಯುತ್ತಿದ್ದರೆ ಮತ್ತೆರಡು ಗಂಟೆ ಇಟ್ಟು ನೋಡಿ. ರಾಶಿಯ ಮೇಲ್ಭಾಗದಿಂದ ಮಾತ್ರ ತೆಗೆದರೆ ಲೆಕ್ಕ ಯಾವಾಗಲೂ ಒಣಗಿದಂತೆಯೇ ತೋರಿಸುತ್ತದೆ. ಲಾರಿ ಇಳಿಸಿದ ಮೇಲೆ ಜಗಳ ಶುರುವಾಗುವುದು ಅಲ್ಲಿಂದಲೇ.

ಬೂದಿಗೆ ಪ್ರಯೋಗಾಲಯದ ಮಫಲ್ ಕುಲುಮೆ ಬೇಕು. 550 ಡಿಗ್ರಿ ಆಸುಪಾಸಿನಲ್ಲಿ ಪೂರ್ತಿ ಸುಟ್ಟು, ಉಳಿದದ್ದನ್ನು ತೂಗುತ್ತಾರೆ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ರಸಾಯನ ವಿಭಾಗದಲ್ಲಿ ಕೇಳಿ, ವಿದ್ಯಾರ್ಥಿಗಳಿಗೂ ಒಳ್ಳೆ ಪ್ರಾಜೆಕ್ಟ್ ಆಗುತ್ತದೆ. ಬೂದಿಯ ಜೊತೆಗೆ ಪೊಟ್ಯಾಸಿಯಂ, ಕ್ಲೋರಿನ್, ಗಂಧಕ ಎಷ್ಟಿದೆ ಎಂಬ ವರದಿಯನ್ನೂ ಒಮ್ಮೆ ಮಾಡಿಸಿಕೊಳ್ಳಿ. ಕಾಫಿ ಹೊಟ್ಟಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ತೆಂಗಿನ ಸಿಪ್ಪೆಯಲ್ಲಿ ಅದರ ಜೊತೆ ಕ್ಲೋರಿನ್ ಕೂಡ. ಇದು ಯಾಕೆ ಮುಖ್ಯ ಅನ್ನುವುದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 3: ಒಣಗಿಸುವುದು, ಕಾಪಾಡುವುದು

ಗುರಿ ಶೇ. 10ರಿಂದ 15ರ ಒಳಗಿನ ತೇವ. ನಮ್ಮ ಪುಣ್ಯ ಏನೆಂದರೆ ಕಸ ಬರುವ ಕಾಲವೂ ಬಿಸಿಲಿನ ಕಾಲವೂ ಒಂದೇ. ಅರೇಬಿಕಾ ಕೊಯ್ಲು ನವೆಂಬರ್ ಕೊನೆಯಿಂದ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಕಾಫಿ ಒಣಗಿಸಿ ಖಾಲಿಯಾದ ಕಣದಲ್ಲೇ ಅಡಿಕೆ ಸಿಪ್ಪೆ, ಕಟ್ಟಿಗೆ ಚೂರುಗಳನ್ನು ತೆಳ್ಳಗೆ ಹರಡಬಹುದು. ಬರೀ ನೆಲದ ಮೇಲೆ ಮಾತ್ರ ಹರಡಬೇಡಿ. ಗುಡಿಸಿ ತುಂಬುವಾಗ ಮಣ್ಣು ಸೇರುತ್ತದೆ. ಮಣ್ಣು ಅಂದರೆ ಬೂದಿ.

ಮಳೆಗಾಲಕ್ಕೆ ಮುಂಚೆ ಎಲ್ಲವೂ ಸೂರಿನಡಿ ಸೇರಬೇಕು. ಸಕಲೇಶಪುರ, ಮೂಡಿಗೆರೆಯ ಜೂನ್ ಮಳೆಗೆ ಟಾರ್ಪಾಲಿನ್ ಸಾಲದು. ನೆಲದಿಂದ ಒಂದಡಿ ಎತ್ತರದ ಅಟ್ಟಣೆ, ಗಾಳಿ ಆಡುವ ಗೋಡೆ ಬೇಕು. ಇನ್ನೊಂದು ವಿಷಯ ಮರೆಯಬೇಡಿ: ಒದ್ದೆ ಹೊಟ್ಟನ್ನು ಎತ್ತರಕ್ಕೆ ಪೇರಿಸಿದರೆ ಒಳಗೇ ಕೊಳೆತು ಬಿಸಿಯಾಗುತ್ತದೆ, ತಾನಾಗಿಯೇ ಬೆಂಕಿ ಹತ್ತಿಕೊಳ್ಳಲೂಬಹುದು. ರಾಶಿಯೊಳಗೆ ಕಬ್ಬಿಣದ ಸರಳು ತೂರಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಕೈಯಲ್ಲಿ ಮುಟ್ಟಿ ನೋಡಿ. ಸುಡುವಷ್ಟು ಬಿಸಿ ಇದ್ದರೆ ಅವತ್ತೇ ರಾಶಿ ಬಿಚ್ಚಿ ಹರಡಿ.

ಹಂತ 4: ಪೆಲೆಟ್ ಮಾಡುವುದು

ಸಡಿಲ ಹೊಟ್ಟು ಒಂದು ಘನ ಮೀಟರ್‌ಗೆ 150-200 ಕಿಲೋ ಮಾತ್ರ ತೂಗುತ್ತದೆ. ಲಾರಿ ತುಂಬುತ್ತದೆ, ತೂಕ ಬರುವುದಿಲ್ಲ. ಡೀಸೆಲ್ ಖರ್ಚು ಗಾಳಿ ಸಾಗಿಸುವುದಕ್ಕೇ ಹೋಗುತ್ತದೆ. ಅದನ್ನೇ ಪುಡಿ ಮಾಡಿ, ಯಂತ್ರದಲ್ಲಿ ಒತ್ತಿ ಪೆಲೆಟ್ (ಸಣ್ಣ ಗಟ್ಟಿ ತುಂಡು) ಮಾಡಿದರೆ ಘನ ಮೀಟರ್‌ಗೆ 600 ಕಿಲೋ ದಾಟುತ್ತದೆ. ಒತ್ತುವಾಗ ತೇವ ಶೇ. 10-12 ಇರಬೇಕು. ತೀರಾ ಒಣಗಿದ್ದರೆ ಪುಡಿಯಾಗುತ್ತದೆ, ಒದ್ದೆಯಾಗಿದ್ದರೆ ಯಂತ್ರ ಕಟ್ಟಿಕೊಳ್ಳುತ್ತದೆ. ಹೊಟ್ಟಿನ ಜೊತೆ ಸಿಲ್ವರ್ ಓಕ್ ಪುಡಿ ಬೆರೆಸಿ ಒತ್ತುವುದು ನನ್ನ ಸಲಹೆ. ಕಟ್ಟಿಗೆಯಿಂದಾಗಿ ಒಟ್ಟು ಬೂದಿಯ ಪ್ರಮಾಣ ಇಳಿಯುತ್ತದೆ.

ಪೆಲೆಟ್ ಮಾಡುವುದರಲ್ಲಿ ಇನ್ನೊಂದು ಲಾಭವಿದೆ. ಹೊಟ್ಟಿನಿಂದ ಜೆಟ್ ಇಂಧನ ಮಾಡುವ ಕಾರ್ಖಾನೆ ಇವತ್ತು ನಮ್ಮ ಎರಡು ಜಿಲ್ಲೆಗಳಲ್ಲಿ ಇಲ್ಲ. ಅದು ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆ ಜೈವಿಕ ಪೆಲೆಟ್ ಬೆರೆಸಿ ಉರಿಸಬೇಕು ಎಂಬ ಕೇಂದ್ರದ ನಿಯಮ 2021ರಿಂದ ಇದೆ. ಬಾಯ್ಲರ್ ಇರುವ ಕಾರ್ಖಾನೆಗಳೂ ಕೊಳ್ಳುತ್ತವೆ. ಇವತ್ತು ಅವರಿಗೆ ಮಾರುತ್ತಾ ವ್ಯವಸ್ಥೆ ಕಟ್ಟಿಕೊಂಡರೆ, ನಾಳೆ ಎಸ್‌ಎಎಫ್ ಕಾರ್ಖಾನೆ ಬಂದಾಗ ಒಣಗಿಸುವ ಕಣ, ಯಂತ್ರ, ಲೆಕ್ಕ ಎಲ್ಲ ತಯಾರಾಗಿರುತ್ತವೆ.

ಹಂತ 5: ಕಾಗದ ಪತ್ರ

ಇದು ಬೇಸರದ ಕೆಲಸ. ಆದರೆ ಇದಿಲ್ಲದೆ ನಿಮ್ಮ ಪೆಲೆಟ್ ಬರೀ ಸೌದೆ. ಅಂತರರಾಷ್ಟ್ರೀಯ ವಿಮಾನಯಾನದ ಕಾರ್ಸಿಯಾ ಎಂಬ ವ್ಯವಸ್ಥೆಯಲ್ಲಿ ಪ್ರತಿ ಇಂಧನಕ್ಕೂ ಇಂಗಾಲದ ಲೆಕ್ಕವಿದೆ. ಮಾಮೂಲಿ ಜೆಟ್ ಇಂಧನಕ್ಕೆ ಒಂದು ಮೆಗಾಜೂಲ್‌ಗೆ 89 ಗ್ರಾಂ ಕಾರ್ಬನ್ ಡೈಆಕ್ಸೈಡ್ ಎಂದು ಲೆಕ್ಕ. ಬೆಳೆಯ ಉಳಿಕೆಯಿಂದ, ನಾನು ಮುಂದೆ ಹೇಳುವ ಫಿಷರ್-ಟ್ರಾಪ್ಶ್ ದಾರಿಯಲ್ಲಿ ಮಾಡಿದ ಇಂಧನಕ್ಕೆ 7.7 ಗ್ರಾಂ. ವಿಮಾನ ಕಂಪನಿಗಳು ಜಾಸ್ತಿ ಬೆಲೆ ಕೊಡುವುದು ಈ ವ್ಯತ್ಯಾಸಕ್ಕೆ. ಕಸ ನಿಜವಾಗಿಯೂ ಉಳಿಕೆಯೇ, ಎಲ್ಲಿಂದ ಬಂತು, ಕಾಡು ಕಡಿದು ತಂದದ್ದಲ್ಲ ತಾನೆ ಎಂಬುದಕ್ಕೆ ದಾಖಲೆ ಬೇಕು. ಐಎಸ್‌ಸಿಸಿ, ಆರ್‌ಎಸ್‌ಬಿ ಎಂಬ ಪ್ರಮಾಣೀಕರಣ ವ್ಯವಸ್ಥೆಗಳು ಅದನ್ನೇ ಪರೀಕ್ಷಿಸುತ್ತವೆ.

ಮಾಡಬೇಕಾದದ್ದು ಇಷ್ಟು. ಪ್ರತಿ ತೋಟದ ಸರ್ವೆ ನಂಬರ್, ಜಿಪಿಎಸ್ ಗುರುತು, ಬೆಳೆಗಾರರ ಸಹಿ ಇರುವ ಘೋಷಣೆ ಪತ್ರ ತೆಗೆದುಕೊಳ್ಳಿ. ಪ್ರತಿ ಲೋಡ್‌ಗೆ ವೇಬ್ರಿಡ್ಜ್ ಚೀಟಿ, ತೇವದ ಲೆಕ್ಕ, ದಿನಾಂಕ ಬರೆದಿಡಿ. ಒಳಗೆ ಬಂದ ತೂಕ, ಹೊರಗೆ ಹೋದ ತೂಕ, ಒಣಗಿ ಇಳಿದ ತೂಕ ಮೂರೂ ತಾಳೆಯಾಗಬೇಕು. ಯುರೋಪಿಗೆ ಕಾಫಿ ಕಳಿಸುವವರಿಗೆ ಇಂಥ ದಾಖಲೆ ಹೊಸದಲ್ಲ. ಅದೇ ಪುಸ್ತಕಕ್ಕೆ ಇನ್ನೊಂದು ಕಾಲಂ ಸೇರಿಸಿದಂತೆ.

ಕೊಳ್ಳುವವರ ಜೊತೆ ಒಪ್ಪಂದ ಬರೆಯುವಾಗ ಬೂದಿಯ ವಿಷಯ ಬಿಡಬೇಡಿ. ಕಾಫಿ ಹೊಟ್ಟಿನ ಒಣ ತೂಕದಲ್ಲಿ ಪೊಟ್ಯಾಸಿಯಂ ಶೇ. 2-3ರ ಆಸುಪಾಸು ಇರುತ್ತದೆ. ಹೊಟ್ಟು ಹೋದರೆ ತೋಟದ ಪೊಟ್ಯಾಷ್ ಹೋಯಿತು. ಅದು ಸುಟ್ಟುಹೋಗುವುದಿಲ್ಲ, ಬೂದಿಯಲ್ಲಿ ಉಳಿಯುತ್ತದೆ. ಬೂದಿ ವಾಪಸ್ ಬರಬೇಕು, ಅಥವಾ ಅದರ ಬೆಲೆ ಬರಬೇಕು.

ಹಂತ 6: ಅನಿಲ ಮಾಡುವುದು

ಇಲ್ಲಿಂದ ಕಾರ್ಖಾನೆ ಒಳಗೆ. ಪೆಲೆಟ್ಟನ್ನು ಪೂರ್ತಿ ಉರಿಯಲು ಬಿಡದೆ, ಕಡಿಮೆ ಆಮ್ಲಜನಕ ಮತ್ತು ಹಬೆ ಕೊಟ್ಟು 800-900 ಡಿಗ್ರಿ ಅಥವಾ ಅದಕ್ಕೂ ಮೇಲೆ ಕಾಯಿಸುತ್ತಾರೆ. ಆಗ ಅದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಆಗಿ ಒಡೆಯುತ್ತದೆ. ಈ ಮಿಶ್ರಣಕ್ಕೆ ಸಿನ್‌ಗ್ಯಾಸ್ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಗ್ಯಾಸಿಫೈಯರ್ ವಿದ್ಯೆಯಲ್ಲಿ ದಶಕಗಳಿಂದ ಕೆಲಸ ಮಾಡಿದೆ. 1980ರ ದಶಕದ ಕೊನೆಯಲ್ಲೇ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಕಟ್ಟಿಗೆ ಅನಿಲದಿಂದ ಕರೆಂಟ್ ಕೊಟ್ಟಿದ್ದರು. ಆಮ್ಲಜನಕ ಮತ್ತು ಹಬೆ ಬಳಸಿ ಒಂದು ಕಿಲೋ ಜೀವರಾಶಿಯಿಂದ ಸುಮಾರು 100 ಗ್ರಾಂ ಹೈಡ್ರೋಜನ್ ತೆಗೆಯುವ ವಿಧಾನವನ್ನೂ ಅಲ್ಲಿ ರೂಪಿಸಿದ್ದಾರೆ.

ಕರೆಂಟ್‌ಗಾದರೆ ಗಾಳಿ ಊದಿದರೆ ಸಾಕು. ಇಂಧನಕ್ಕೆ ಶುದ್ಧ ಆಮ್ಲಜನಕ ಬೇಕು. ಗಾಳಿಯಲ್ಲಿ ಮುಕ್ಕಾಲು ಪಾಲು ನೈಟ್ರೋಜನ್ ಇದೆ, ಅದು ಮುಂದಿನ ಯಂತ್ರಗಳಲ್ಲೆಲ್ಲ ಸುಮ್ನೆ ಜಾಗ ತಿನ್ನುತ್ತದೆ.

ಪೊಟ್ಯಾಸಿಯಂ ತೊಂದರೆ ಕೊಡುವುದು ಇಲ್ಲೇ. ಅದು ಇರುವ ಬೂದಿ ಬೇಗ ಕರಗಿ, ಕಲ್ಲಿನಂತೆ ಗಟ್ಟಿಯಾಗಿ ಒಲೆಯ ತಳಕ್ಕೆ ಅಂಟುತ್ತದೆ. ಒಮ್ಮೆ ಹಾಗೆ ಕಟ್ಟಿಕೊಂಡರೆ ಇಡೀ ಘಟಕ ನಿಲ್ಲಿಸಿ, ಆರಿಸಿ, ಒಡೆದು ತೆಗೆಯಬೇಕು. ಕಾಫಿ ಹೊಟ್ಟಿಗೆ ಕಟ್ಟಿಗೆ ಬೆರೆಸಿ ಎಂದದ್ದು ಇದಕ್ಕೇ. ನಮ್ಮ ಮಿಶ್ರಣದ ಬೂದಿ ವರದಿ ಕೈಯಲ್ಲಿದ್ದರೆ ಕಾರ್ಖಾನೆಯವರು ಒಲೆಯ ಶಾಖವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳುತ್ತಾರೆ.

ಹಂತ 7: ಅನಿಲ ತೊಳೆಯುವುದು, ಹದ ಮಾಡುವುದು

ಬಂದ ಅನಿಲದಲ್ಲಿ ಟಾರು, ದೂಳು, ಕ್ಷಾರ, ಗಂಧಕ ಎಲ್ಲ ಇರುತ್ತದೆ. ಮುಂದಿನ ಹಂತದ ಕೋಬಾಲ್ಟ್ ವೇಗವರ್ಧಕಕ್ಕೆ (ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ಲೋಹ) ಗಂಧಕ ಅಂದರೆ ವಿಷ. 100 ಕೋಟಿ ಭಾಗ ಅನಿಲದಲ್ಲಿ ಗಂಧಕ ಕೆಲವು ಹತ್ತು ಭಾಗ ಮೀರದಂತೆ ತೊಳೆಯುತ್ತಾರೆ. ಯೋಜನೆಗಳು ಕೈಕೊಡುವುದು ಹೆಚ್ಚಾಗಿ ಅನಿಲ ತೊಳೆಯುವ ಈ ಜಾಗದಲ್ಲೇ.

ಆಮೇಲೆ ಹದ. ಸಸ್ಯದ ಕಸದಿಂದ ಬಂದ ಅನಿಲದಲ್ಲಿ ಹೈಡ್ರೋಜನ್ ಕಡಿಮೆ. ಒಂದು ಪಾಲು ಕಾರ್ಬನ್ ಮಾನಾಕ್ಸೈಡ್‌ಗೆ ಎರಡು ಪಾಲು ಹೈಡ್ರೋಜನ್ ಬೇಕು. ಹಬೆಯ ಜೊತೆ ಸ್ವಲ್ಪ ಅನಿಲವನ್ನು ವರ್ತಿಸಲು ಬಿಟ್ಟು ಹೈಡ್ರೋಜನ್ ಜಾಸ್ತಿ ಮಾಡಿಕೊಳ್ಳುತ್ತಾರೆ. ಹುಟ್ಟಿದ ಕಾರ್ಬನ್ ಡೈಆಕ್ಸೈಡನ್ನು ಹೀರಿ ತೆಗೆಯುತ್ತಾರೆ.

ಹಂತ 8: ಅನಿಲದಿಂದ ಮೇಣ

1925ರಲ್ಲಿ ಜರ್ಮನಿಯಲ್ಲಿ ಫ್ರಾಂಜ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಶ್ ಕಂಡುಹಿಡಿದ ವಿಧಾನ ಇದು. ಆಗ ಅವರು ಬಳಸಿದ್ದು ಕಲ್ಲಿದ್ದಲಿನ ಅನಿಲ. ಸುಮಾರು 200-240 ಡಿಗ್ರಿ ಶಾಖ, 20-30 ಬಾರ್ ಒತ್ತಡದಲ್ಲಿ ಅನಿಲ ಕೋಬಾಲ್ಟ್ ಮೇಲೆ ಹಾಯುತ್ತದೆ. ಕಾರ್ಬನ್‌ಗಳು ಒಂದಕ್ಕೊಂದು ಕೂಡಿಕೊಂಡು ಉದ್ದ ಸರಪಳಿಯಾಗುತ್ತವೆ. ಆಮ್ಲಜನಕ ನೀರಾಗಿ ಹೊರಬರುತ್ತದೆ. ಒಂದು ಕಿಲೋ ಎಣ್ಣೆಗೆ ಸುಮಾರು 1.3 ಕಿಲೋ ನೀರು! ಹೊರಬಂದದ್ದರಲ್ಲಿ ಬಹುಪಾಲು ಬಿಳಿ ಮೇಣ.

ಈ ಕ್ರಿಯೆಯಲ್ಲಿ ಭಾರೀ ಶಾಖ ಹುಟ್ಟುತ್ತದೆ. ನೀರಿನ ಕೊಳವೆಗಳಿಂದ ತಣ್ಣಗೆ ಮಾಡಿದಾಗ ಹಬೆ ಸಿಗುತ್ತದೆ. ಅಡಿಕೆ ಸಿಪ್ಪೆಯಂಥ ಒದ್ದೆ ಕಸವನ್ನು ಈ ಹಬೆಯಿಂದ ಒಣಗಿಸಬಹುದು. ಕಾರ್ಖಾನೆ ಕಸದ ಹತ್ತಿರವೇ ಇರಬೇಕು ಎನ್ನಲು ಇದೂ ಒಂದು ಕಾರಣ.

ಹಂತ 9: ಮೇಣ ಕತ್ತರಿಸಿ ಬಟ್ಟಿ ಇಳಿಸುವುದು

ಮೇಣದ ಸರಪಳಿ ತುಂಬ ಉದ್ದ. 300 ಡಿಗ್ರಿಗಿಂತ ಮೇಲೆ, ಹೈಡ್ರೋಜನ್ ಒತ್ತಡದಲ್ಲಿ ಅದನ್ನು 8ರಿಂದ 16 ಕಾರ್ಬನ್‌ಗಳ ತುಂಡುಗಳಾಗಿ ಕತ್ತರಿಸುತ್ತಾರೆ. ಜೊತೆಗೆ ನೇರ ಸರಪಳಿಗೆ ಕವಲು ಮೂಡಿಸುತ್ತಾರೆ. ನೇರ ಸರಪಳಿಗಳು ಒತ್ತಾಗಿ ಜೋಡಿಸಿಕೊಂಡು ಬೇಗ ಹೆಪ್ಪುಗಟ್ಟುತ್ತವೆ, ಕವಲಿದ್ದರೆ ಹಾಗಾಗುವುದಿಲ್ಲ. ಆಮೇಲೆ ಬಟ್ಟಿ ಇಳಿಸಿ, ಸುಮಾರು 150ರಿಂದ 300 ಡಿಗ್ರಿ ನಡುವೆ ಕುದಿಯುವ ಭಾಗವನ್ನು ಹಿಡಿಯುತ್ತಾರೆ. ಜೆಟ್ ಇಂಧನ ಅಂದರೆ ಅದೇ. ಹಗುರ ಭಾಗ ನಾಫ್ತಾ, ಭಾರದ್ದು ಡೀಸೆಲ್. ಅವೂ ಮಾರಾಟವಾಗುತ್ತವೆ.

ಹಂತ 10: ಪರೀಕ್ಷೆ, ಬೆರಕೆ

ಎಎಸ್‌ಟಿಎಂ ಡಿ7566 ಎಂಬ ಮಾನದಂಡ ಒಪ್ಪಿದ ದಾರಿಗಳಲ್ಲಿ ಮಾಡಿದ್ದು ಮಾತ್ರ ವಿಮಾನಕ್ಕೆ ಹೋಗುತ್ತದೆ. ಫಿಷರ್-ಟ್ರಾಪ್ಶ್ ದಾರಿಗೆ 2009ರಲ್ಲೇ ಒಪ್ಪಿಗೆ ಸಿಕ್ಕಿದೆ. ಭಾರತದಲ್ಲಿ ಐಎಸ್ 17081 ಎಂಬ ಮಾನದಂಡ 2019ರಲ್ಲಿ ಬಂತು. ಹೆಪ್ಪುಗಟ್ಟುವ ಬಿಂದು, ಬೆಂಕಿ ಹೊತ್ತುವ ಬಿಂದು (ಕನಿಷ್ಠ 38 ಡಿಗ್ರಿ), ಬಿಸಿಯಲ್ಲಿ ಕೆಡದೆ ಉಳಿಯುವ ಗುಣ ಎಲ್ಲ ನೋಡುತ್ತಾರೆ. ಪಾಸಾದರೂ ಹಾಗೇ ಹಾಕುವಂತಿಲ್ಲ. ಮಾಮೂಲಿ ಇಂಧನದ ಜೊತೆ ಗರಿಷ್ಠ ಶೇ. 50ರವರೆಗೆ ಬೆರೆಸಬೇಕು. ಈ ಇಂಧನದಲ್ಲಿ ಆರೊಮ್ಯಾಟಿಕ್ ಎಂಬ ಅಣುಗಳು ಇರುವುದಿಲ್ಲ. ವಿಮಾನದ ರಬ್ಬರ್ ಸೀಲ್‌ಗಳು ಉಬ್ಬಿ ಬಿಗಿಯಾಗಿರಲು ಅವು ಬೇಕು. ಬೆರಕೆಯಲ್ಲಿ ಕನಿಷ್ಠ ಶೇ. 8 ಇರಲೇಬೇಕು ಎಂಬುದು ನಿಯಮ.

ಬೆರಕೆ ಮತ್ತೆ ಪರೀಕ್ಷೆ ಪಾಸಾದ ಮೇಲೆ ಅದು ಮಾಮೂಲಿ ಜೆಟ್ ಇಂಧನವೇ. ಅದಕ್ಕೆ ಬೇರೆ ಟ್ಯಾಂಕ್ ಬೇಕಿಲ್ಲ, ಬೇರೆ ಎಂಜಿನ್ ಬೇಕಿಲ್ಲ. ಮಂಗಳೂರಿನಲ್ಲಿ ರಿಫೈನರಿ ಇದೆ. ಅಲ್ಲಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲಿಯಂ ಪೈಪ್‌ಲೈನ್ ಹೋಗಿದೆ. ಮೇಣದವರೆಗಿನ ಕೆಲಸ ಹಾಸನ ಜಿಲ್ಲೆಯಲ್ಲಿ, ಕತ್ತರಿಸಿ ಬೆರೆಸುವ ಕೆಲಸ ರಿಫೈನರಿಯಲ್ಲಿ ಆದರೆ ಸರಿ ಎಂದು ನನಗೆ ಅನ್ನಿಸುತ್ತದೆ. ಆರು ಏಳು ಟನ್ ಕಸಕ್ಕೆ ಒಂದು ಟನ್ ಮೇಣ. ಶಿರಾಡಿ ಘಾಟಿಯಲ್ಲಿ ಇಳಿಸುವ ಲಾರಿಗಳ ಸಂಖ್ಯೆ ಅಷ್ಟು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು ನಮಗೆಲ್ಲ ಗೊತ್ತಿರುವುದೇ ಅಲ್ವಾ?

ಇನ್ನೆರಡು ದಾರಿ

ಒಂದು, ಎಥೆನಾಲ್ ದಾರಿ. ಕಸದ ನಾರನ್ನು ಸಕ್ಕರೆಯಾಗಿ ಒಡೆದು, ಹುದುಗಿಸಿ, ಎಥೆನಾಲ್ ಮಾಡಿ, ಅದರಿಂದ ನೀರು ತೆಗೆದು ಎಥಿಲೀನ್ ಮಾಡಿ, ಅಣುಗಳನ್ನು ಜೋಡಿಸಿ ಜೆಟ್ ಇಂಧನ ಮಾಡುತ್ತಾರೆ. 2022ರಲ್ಲಿ ಉದ್ಘಾಟನೆಯಾದ ಹರಿಯಾಣದ ಪಾಣಿಪತ್ ಎಥೆನಾಲ್ ಘಟಕದ ಗುರಿ ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥೆನಾಲ್. ಅಂದರೆ ಟನ್‌ಗೆ 150 ಲೀಟರ್. ಅದನ್ನು ಹೈಡ್ರೋಕಾರ್ಬನ್ ಮಾಡಿದರೆ ಹೆಚ್ಚೆಂದರೆ 70 ಕಿಲೋ. ಕಾಫಿ ಹೊಟ್ಟಿಗೆ ಈ ದಾರಿ ಅಷ್ಟು ಹಿಡಿಸುವುದಿಲ್ಲ. ಅದರಲ್ಲಿರುವ ಕೆಫೀನ್, ಟ್ಯಾನಿನ್‌ಗಳು ಹುದುಗು ಬರಿಸುವ ಯೀಸ್ಟ್‌ಗೆ ಅಡ್ಡಿ ಮಾಡುತ್ತವೆ.

ಇನ್ನೊಂದು ಎಣ್ಣೆಯ ದಾರಿ. ಇವತ್ತು ಪ್ರಪಂಚದಲ್ಲಿ ಸಿಗುವ ಎಸ್‌ಎಎಫ್‌ನಲ್ಲಿ ಹೆಚ್ಚಿನದು ಹೀಗೇ ತಯಾರಾಗುತ್ತದೆ. ಎಣ್ಣೆಯನ್ನು 300-400 ಡಿಗ್ರಿಯಲ್ಲಿ ಹೈಡ್ರೋಜನ್ ಜೊತೆ ವರ್ತಿಸಿ ಆಮ್ಲಜನಕ ತೆಗೆಯುತ್ತಾರೆ. ಒಂದು ಟನ್ ಎಣ್ಣೆಗೆ 30-40 ಕಿಲೋ ಹೈಡ್ರೋಜನ್ ಬೇಕು. ಹೊಂಗೆ ಎಣ್ಣೆ ಇದಕ್ಕೆ ಆಗುತ್ತದೆ. ಕರಿದು ಉಳಿದ ಅಡುಗೆ ಎಣ್ಣೆಯೂ ಆಗುತ್ತದೆ. ಒಟ್ಟು ಧ್ರುವೀಯ ಅಂಶ (ಪದೇ ಪದೇ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಅಂಶ) ಶೇ. 25 ದಾಟಿದ ಎಣ್ಣೆಯನ್ನು ಮತ್ತೆ ಅಡುಗೆಗೆ ಬಳಸಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಆಗಲೇ ಇದೆ. ಚಿಕ್ಕಮಗಳೂರಿನ ಹೋಂಸ್ಟೇ, ಹೋಟೆಲ್‌ಗಳಿಂದ ಆ ಎಣ್ಣೆ ಕೂಡಿಸುವುದು ಯುವಕರಿಗೆ ಕಡಿಮೆ ಬಂಡವಾಳದ ಕೆಲಸ.

ಪೈರಾಲಿಸಿಸ್ ಎಣ್ಣೆ (ಗಾಳಿ ಇಲ್ಲದೆ ಕಸವನ್ನು ಕಾಯಿಸಿ ತೆಗೆಯುವ ಎಣ್ಣೆ) ಮಾಡುವ ಯಂತ್ರ ಮಾರುವವರು ಬಂದರೆ ಒಂದು ಪ್ರಶ್ನೆ ಕೇಳಿ: ಡಿ7566ರಲ್ಲಿ ಈ ದಾರಿಗೆ ಅನುಬಂಧ ಇದೆಯಾ? ಅದು ಇನ್ನೂ ಆ ಪಟ್ಟಿಗೆ ಸೇರಿಲ್ಲ. ಆ ಎಣ್ಣೆ ಹುಳಿ, ಇಟ್ಟರೆ ಕೆಡುತ್ತದೆ, ಆಮ್ಲಜನಕ ತುಂಬಿರುತ್ತದೆ.

ಎಷ್ಟು ಇಂಧನ ಸಿಗುತ್ತದೆ

ಸಾವಿರ ಮೂಟೆ ಚೆರಿ ತೆಗೆದುಕೊಳ್ಳೋಣ, ಅಂದರೆ 50 ಟನ್. ಹೊಟ್ಟು ಸುಮಾರು 22 ಟನ್. ತೇವ ಕಳೆದರೆ 19-20 ಟನ್ ಒಣ ಪದಾರ್ಥ. ಫಿಷರ್-ಟ್ರಾಪ್ಶ್ ದಾರಿಯಲ್ಲಿ ಒಣ ಟನ್‌ಗೆ ಸುಮಾರು 150 ಕಿಲೋ ದ್ರವ ಇಂಧನ ಸಿಗುತ್ತದೆ, ಒಟ್ಟು 3 ಟನ್ ಆಸುಪಾಸು. ಅದರಲ್ಲಿ ಜೆಟ್ ಭಾಗ ಅರ್ಧವಾದರೆ ಸುಮಾರು 2,000 ಲೀಟರ್. ಏರ್‌ಬಸ್ ಎ320ರಂಥ ವಿಮಾನಕ್ಕೆ ಗಂಟೆಗೆ 3,000 ಲೀಟರ್ ಹತ್ತಿರ ಬೇಕು. ಸಾವಿರ ಮೂಟೆಯ ಹೊಟ್ಟಿಗೆ 40 ನಿಮಿಷದ ಹಾರಾಟ.

ಈ ಲೆಕ್ಕ ನೋಡಿ ಬೇಸರವಾಗಬೇಕಿಲ್ಲ. ಆದರೆ ಒಂದು ತೋಟದಿಂದ, ಒಂದು ಊರಿನಿಂದ ಇದು ಆಗುವ ಕೆಲಸವಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಇಂಥ ಕಾರ್ಖಾನೆ ದಿನಕ್ಕೆ ನೂರಾರು ಟನ್ ಕೇಳುತ್ತದೆ, ವರ್ಷವಿಡೀ ಕೇಳುತ್ತದೆ. ಕಾಫಿ ಹೊಟ್ಟು ಬೇಸಿಗೆಯಲ್ಲಿ, ಅಡಿಕೆ ಸಿಪ್ಪೆ ಅದಕ್ಕೂ ಮುಂಚೆ, ಮರಗಸಿಯ ಕಟ್ಟಿಗೆ ಮಳೆಗೆ ಮುನ್ನ ಬರುತ್ತದೆ. ಎರಡೂ ಜಿಲ್ಲೆಯ ಸಂಘಗಳು ಒಂದಾಗಿ, ಎಲ್ಲವನ್ನೂ ಪೆಲೆಟ್ ಮಾಡಿ ದಾಸ್ತಾನು ಇಟ್ಟರೆ ಮಾತ್ರ ಹನ್ನೆರಡು ತಿಂಗಳು ಕೊಡಲು ಸಾಧ್ಯ.

ಶುರು ಮಾಡುವವರಿಗೆ ಒಂದು ವರ್ಷದ ಕೆಲಸ

ಮಳೆಗಾಲದಲ್ಲಿ ಲೆಕ್ಕ ಮಾಡಿ. ಸಂಘದ ಸದಸ್ಯರಲ್ಲಿ ಯಾರ ಹತ್ತಿರ ಎಷ್ಟು ಮೂಟೆ ಚೆರಿ, ಎಷ್ಟು ಎಕರೆ ಅಡಿಕೆ, ಎಷ್ಟು ಸಿಲ್ವರ್ ಓಕ್ ಇದೆ, ಆ ಕಸ ಈಗ ಎಲ್ಲಿಗೆ ಹೋಗುತ್ತಿದೆ ಎಂದು ಬರೆದುಕೊಳ್ಳಿ. ಆಗಲೇ ಒಳ್ಳೆ ಬಳಕೆ ಇರುವುದನ್ನು ಪಟ್ಟಿಯಿಂದ ತೆಗೆಯಿರಿ. ಅಕ್ಟೋಬರ್ ಒಳಗೆ ಶೆಡ್ ಜಾಗ, ವೇಬ್ರಿಡ್ಜ್, ಘೋಷಣೆ ಪತ್ರಗಳು ತಯಾರಾಗಿರಲಿ. ಪೆಲೆಟ್ ಯಂತ್ರವನ್ನು ಮೊದಲ ವರ್ಷವೇ ಕೊಳ್ಳಬೇಡಿ, ಹತ್ತಿರದ ಘಟಕದಲ್ಲಿ ಕೂಲಿಗೆ ಮಾಡಿಸಿ. ಜನವರಿಯಲ್ಲಿ ಹಲ್ಲಿಂಗ್ ಶುರುವಾದಾಗ ಹೊಟ್ಟಿನ ಮೊದಲ ಸ್ಯಾಂಪಲ್ ತೆಗೆದು ತೇವ, ಬೂದಿ, ಪೊಟ್ಯಾಸಿಯಂ, ಕ್ಲೋರಿನ್ ವರದಿ ಮಾಡಿಸಿ. ಬರೀ ಹೊಟ್ಟು ಒಂದು, ಕಟ್ಟಿಗೆ ಬೆರೆಸಿದ್ದು ಒಂದು, ಹೀಗೆ ಎರಡು ಬಗೆಯ ಪೆಲೆಟ್ ಒತ್ತಿಸಿ. ಮಾರ್ಚ್ ಕೊನೆಯ ಹೊತ್ತಿಗೆ ಎರಡನ್ನೂ ಒಂದೊಂದು ಲೋಡ್ ಬಾಯ್ಲರ್ ಇರುವವರಿಗೆ ಕಳಿಸಿ, ಬೂದಿ ಎಷ್ಟು ಕಟ್ಟಿಕೊಂಡಿತು ಎಂಬುದನ್ನು ಅವರಿಂದ ಬರೆಸಿಕೊಳ್ಳಿ. ಬೆಲೆಯ ಮಾತಿಗೆ ಕೂರುವಾಗ ಆ ವರದಿ ನಿಮ್ಮ ಕೈಯಲ್ಲಿರಲಿ.